ಕ್ಯಾಸನೂರಿನ ಕಾಡು, ಪುಣೆಯ ಪ್ರಯೋಗಾಲಯ

ಪುಣೆಯ ಡಾ. ಅಂಬೇಡ್ಕರ್ ರಸ್ತೆಯಲ್ಲಿರುವ ರಾಷ್ಟ್ರೀಯ ವೈರಾಣು ಸಂಸ್ಥೆಯ (ಎನ್‌ಐವಿ) ಹೆಸರನ್ನು ಕೊರೊನಾ ಕಾಲದಲ್ಲಿ ನಾವೆಲ್ಲ ಟಿವಿಯಲ್ಲಿ ದಿನವೂ ಕೇಳಿದ್ದೇವೆ. ಈ ಸಂಸ್ಥೆಗೂ ನಮ್ಮ ಮಲೆನಾಡಿಗೂ ಅರವತ್ತು ವರ್ಷಕ್ಕಿಂತ ಹಳೆಯ ನಂಟಿದೆ ಎಂಬುದು ಪುಣೆಯ ಕನ್ನಡಿಗರಲ್ಲೂ ಅನೇಕರಿಗೆ ತಿಳಿದಿರಲಿಕ್ಕಿಲ್ಲ.

1952ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ ಸೇರಿ ಇಲ್ಲಿ ವೈರಸ್ ಸಂಶೋಧನಾ ಕೇಂದ್ರ ಆರಂಭಿಸಿದವು. ಐದು ವರ್ಷಗಳಲ್ಲಿ ಅದಕ್ಕೆ ದೊಡ್ಡ ಪರೀಕ್ಷೆ ಎದುರಾಯಿತು. 1957ರಲ್ಲಿ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತುಬಿದ್ದವು. ಸುತ್ತಲಿನ ಹಳ್ಳಿಯವರೂ ಜ್ವರದಿಂದ ಮಲಗಿದರು, ಕೆಲವರು ತೀರಿಕೊಂಡರು.

ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಏಷ್ಯಾದಲ್ಲಿ ಅದುವರೆಗೆ ಕಾಣದಿದ್ದ ರೋಗ ಅದು. ನಿಜವಾಗಿದ್ದರೆ ಬಂದರು, ವಿಮಾನ ಸಂಚಾರ ಎಲ್ಲಕ್ಕೂ ಪೆಟ್ಟು ಬೀಳುತ್ತಿತ್ತು. ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಹುಡುಕಿದಾಗ ಸಿಕ್ಕಿದ್ದು ಬೇರೆಯೇ ವೈರಸ್. ಅದನ್ನು ಹರಡುವುದು ಕಾಡಿನ ಉಣುಗು. ವಿಜ್ಞಾನದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ, ನಮ್ಮ ಜನರ ಬಾಯಲ್ಲಿ ಮಂಗನ ಕಾಯಿಲೆ.

ಈ ವೈರಸ್ ರಷ್ಯಾದ ಒಂದು ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ಸಂಬಂಧಿ. ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಹಕ್ಕಿ ವಲಸೆಯ ಅಧ್ಯಯನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಕೈಜೋಡಿಸಿತು. ಮುಂದೆ ಆ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣವೂ ಬಂದದ್ದರಿಂದ 1970ರ ದಶಕದಲ್ಲಿ ಸಂಸತ್ತಿನಲ್ಲೇ ವಿವಾದವಾಯಿತು. ರಕ್ತದ ಮಾದರಿ ಯಾರದು, ಮಾಹಿತಿ ಯಾರ ಕೈಗೆ ಹೋಗುತ್ತದೆ, ಹಣ ಎಲ್ಲಿಂದ ಬರುತ್ತದೆ? ಇಂದು ‘ಜಾಗತಿಕ ಆರೋಗ್ಯ ರಾಜತಾಂತ್ರಿಕತೆ’ ಎಂಬ ಹೆಸರಿನಲ್ಲಿ ನಡುವಯಸ್ಸಿನ ವೈದ್ಯರಿಗೆ, ಅಧಿಕಾರಿಗಳಿಗೆ ಜಿನೀವಾದಂಥ ಊರುಗಳಲ್ಲಿ ಕೋರ್ಸ್ ನಡೆಯುತ್ತದೆ. ಅದರ ಮುಖ್ಯ ಪ್ರಶ್ನೆಗಳೂ ಇವೇ. ಪುಣೆಯವರು ಇವನ್ನು ಕೆಲಸ ಮಾಡುತ್ತಲೇ ಕಲಿಯಬೇಕಾಯಿತು.

1967ರಲ್ಲಿ ರಾಕ್‌ಫೆಲರ್ ನೆರವು ನಿಂತಿತು. ಕೇಂದ್ರ ಪೂರ್ತಿ ಐಸಿಎಂಆರ್ ಕೈಗೆ ಬಂತು. ಹೊರಗಿನವರ ಜೊತೆ ದುಡಿದು ಪಳಗಿದ ನಮ್ಮವರೇ ಚುಕ್ಕಾಣಿ ಹಿಡಿದರು. ಇದು ಆಗ್ನೇಯ ಏಷ್ಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಗಿಯೂ ಕೆಲಸ ಮಾಡಿತು. 1978ರಲ್ಲಿ ಎನ್‌ಐವಿ ಎಂಬ ಹೆಸರು ಬಂದಾಗ ಅದರ ನಿರ್ದೇಶಕಿಯಾದವರು ಡಾ. ಖೋರ್ಷೆದ್ ಪಾವ್ರಿ. 1960ರ ದಶಕದಲ್ಲಿ ಬಾವಲಿಗಳಲ್ಲಿ ಮಂಗನ ಕಾಯಿಲೆಯ ವೈರಸ್ ಬಗ್ಗೆ ಸಂಶೋಧನೆ ಮಾಡಿದ್ದ ಅದೇ ಪಾವ್ರಿ. ನಾಯಕತ್ವದ ಯಾವ ಸರ್ಟಿಫಿಕೇಟೂ ಇಲ್ಲದ ಕಾಲದಲ್ಲಿ, ಪ್ರಯೋಗಾಲಯದ ಮೇಜಿನಿಂದಲೇ ಒಬ್ಬ ಹೆಣ್ಣುಮಗಳು ರಾಷ್ಟ್ರೀಯ ಸಂಸ್ಥೆಯ ಚುಕ್ಕಾಣಿವರೆಗೆ ಬಂದರು.

2020ರ ಜನವರಿ 30ರಂದು ಕೇರಳದಲ್ಲಿ ದೇಶದ ಮೊದಲ ಕೊರೊನಾ ಪ್ರಕರಣ ಖಚಿತವಾದದ್ದು ಇಲ್ಲಿನ ಪರೀಕ್ಷೆಯಿಂದ. ಆಗಲೂ ನಿರ್ದೇಶಕಿ ಒಬ್ಬ ಮಹಿಳೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ ಕೆಲವೇ ತಿಂಗಳ ಹಿಂದೆ ಬಂದಿದ್ದ ಡಾ. ಪ್ರಿಯಾ ಅಬ್ರಹಾಂ. ಸಂಸ್ಥೆ ತಾನು ಪರೀಕ್ಷೆ ಮಾಡಿದ್ದಷ್ಟೇ ಅಲ್ಲ, ದೇಶದ ಬೇರೆ ಪ್ರಯೋಗಾಲಯಗಳ ಸಿಬ್ಬಂದಿಯನ್ನೂ ತಯಾರು ಮಾಡಿತು. ಇಲ್ಲಿ ಬೇರ್ಪಡಿಸಿದ ವೈರಸ್ಸಿನಿಂದಲೇ ಕೋವ್ಯಾಕ್ಸಿನ್ ಹುಟ್ಟಿತು.

ಇಷ್ಟಾದರೂ ಕಥೆ ಮುಗಿದಿಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮಂಗನ ಕಾಯಿಲೆ ಮತ್ತೆ ಜೀವಗಳನ್ನು ತೆಗೆದುಕೊಂಡಿತು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಸೊಪ್ಪು, ದರಗು, ಸೌದೆಗೆಂದು ಕಾಡಿಗೆ ಹೋಗುವ ಹೆಂಗಸರಿಗೆ ಉಣುಗಿನ ಭಯ ಇಂದೂ ತಪ್ಪಿಲ್ಲ. ಶ್ರೀಮಂತ ದೇಶಗಳಿಗೆ ತಟ್ಟದ ರೋಗಕ್ಕೆ ಲಸಿಕೆ ಮಾಡಲು ಜಗತ್ತಿನ ಕಂಪನಿಗಳು ತಾವಾಗಿ ಸಾಲು ನಿಲ್ಲುವುದಿಲ್ಲ. ಅಂಥ ರೋಗದ ಪರವಾಗಿ ದೆಹಲಿಯಲ್ಲೂ ಜಿನೀವಾದಲ್ಲೂ ಗಟ್ಟಿಯಾಗಿ ಮಾತಾಡಬಲ್ಲವರು ಬೇಕು. ತರಬೇತಿಯ ಅಗತ್ಯ ಇರುವುದು ಅಲ್ಲಿ.

ನಮ್ಮ ವೇದಿಕೆಯಲ್ಲಿ ವೈದ್ಯೆಯರು, ನರ್ಸ್‌ಗಳು, ಆಡಳಿತದ ಅನುಭವ ಇರುವವರು ಇದ್ದಾರೆ. ಹತ್ತು ಹದಿನೈದು ವರ್ಷ ದುಡಿದ ಮೇಲೆ ‘ಇನ್ನೇನು ಕಲಿಯುವುದು’ ಎನ್ನುವವರು ಈ ದಾರಿಯ ಕಡೆಗೂ ಒಮ್ಮೆ ನೋಡಲಿ. ಮಲೆನಾಡಿನ ಭಾಷೆ ಬಲ್ಲ ಒಬ್ಬಳು ಆ ಮೇಜಿನ ಮುಂದೆ ಕುಳಿತರೆ ಅರಳಗೋಡಿನ ಮಾತು ಅಲ್ಲಿಗೆ ಮುಟ್ಟುತ್ತದೆ.