ಹೆರಿಗೆಯ ಆರಂಭದಲ್ಲಿ ಎಪಿಡ್ಯೂರಲ್ ಓಪಿಯಾಯ್ಡ್ ನೋವುಶಮನ

ಗರ್ಭಕೊರಳು ನಾಲ್ಕೈದು ಸೆಂ.ಮೀ. ತೆರೆಯುವ ಮುನ್ನವೇ, ಬೆನ್ನುಹುರಿಯ ಹೊರಪೊರೆಯ ಆಚೆಗಿರುವ ಎಪಿಡ್ಯೂರಲ್ ಜಾಗಕ್ಕೆ ಅಫೀಮು ವರ್ಗದ ಔಷಧ ಹರಿಸಿ ಹೆರಿಗೆ ಬೇನೆಯನ್ನು ತಗ್ಗಿಸುವ ವಿಧಾನ. 1979ರಲ್ಲಿ ಎಪಿಡ್ಯೂರಲ್ ಮಾರ್ಫಿನ್‌ನ ಫಲ ಪ್ರಕಟವಾಯಿತು. ಹೆರಿಗೆಗೆ ಅದೊಂದೇ ಸಾಲಲಿಲ್ಲ, ತುರಿಕೆಯೂ ಹೆಚ್ಚು. ಈಗ ಬೇಗ ಕೆಲಸ ಮಾಡುವ ಫೆಂಟನಿಲ್ ಬಳಕೆಯಲ್ಲಿದೆ.

ಮೊದಲ ಹಂತದ ನೋವು ಗರ್ಭಕೋಶದಿಂದ ಹೊರಟು, ಎದೆಭಾಗದ 10ನೆಯ ನರದಿಂದ ಸೊಂಟದ 1ನೆಯ ನರದವರೆಗಿನ ಹಾದಿಯಲ್ಲಿ ಬೆನ್ನುಹುರಿ ಸೇರುತ್ತದೆ. ಔಷಧವು ಅಲ್ಲಿನ ಗ್ರಾಹಕಗಳಿಗೆ ಅಂಟಿಕೊಂಡು ಆ ನೋವು ಮಿದುಳಿಗೆ ಏರುವುದನ್ನು ತಡೆಯುತ್ತದೆ. ಕಾಲಿನ ಬಲ ಮಾತ್ರ ಉಳಿದಿರುತ್ತದೆ. ಮಗು ಕೆಳಗಿಳಿದಂತೆ ನೋವಿನ ದಾರಿ ಬೇರೆಯಾಗುವುದರಿಂದ ಓಪಿಯಾಯ್ಡ್ ಒಂದೇ ಸಾಲದು, ಶೇ. 0.1 ಅಥವಾ ಅದಕ್ಕೂ ತೆಳುವಾದ ಬುಪಿವಕೇನ್‌ನಲ್ಲಿ ಪ್ರತಿ ಮಿ.ಲೀ.ಗೆ 2 ಮೈಕ್ರೋಗ್ರಾಂ ಫೆಂಟನಿಲ್ ಬೆರೆಸಿ ಕೊಡುವುದು ವಾಡಿಕೆ.

ಗರ್ಭಿಣಿ ಮಂಚದ ಅಂಚಿನಲ್ಲಿ ಕುಳಿತು, ದಿಂಬು ತಬ್ಬಿ, ಗದ್ದವನ್ನು ಎದೆಗೆ ಊರಿ ಬೆನ್ನು ಬಾಗಿಸುತ್ತಾಳೆ. ಚರ್ಮ ಮರಗಟ್ಟಿಸಿದ ಮೇಲೆ ಸೊಂಟದ ಮೂಳೆಗಳ ನಡುವೆ ಸೂಜಿ ಸಾಗುತ್ತದೆ. ಅದುವರೆಗೆ ಬಿಗಿಯಾಗಿದ್ದ ಸಿರಿಂಜಿನ ದಂಡ ಥಟ್ಟನೆ ಸಡಿಲವಾದರೆ ಜಾಗ ಸಿಕ್ಕಿತೆಂದು ಅರ್ಥ. ಸಣ್ಣ ಕೊಳವೆ ಒಳಗಿಟ್ಟು, ಸೂಜಿ ತೆಗೆದು, ಬೆನ್ನಿಗೆ ಪಟ್ಟಿ ಅಂಟಿಸುತ್ತಾರೆ.

ಬೆನ್ನಿಗೆ ಇಂಜೆಕ್ಷನ್ ಕೊಡಿಸಿದರೆ ಸಿಸೇರಿಯನ್ನೇ ಗತಿ ಎಂಬ ಅಂಜಿಕೆ ಇನ್ನೂ ಹೋಗಿಲ್ಲ. ತಮಿಳುನಾಡಿನಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಶೇ. 44.9ರಷ್ಟು ಹೆರಿಗೆಗಳು ಸಿಸೇರಿಯನ್, ಕರ್ನಾಟಕದಲ್ಲಿ ಶೇ. 31.5. ಈ ಪ್ರಮಾಣದ ಹೊಣೆಯನ್ನು ಎಪಿಡ್ಯೂರಲ್ ಮೇಲೆ ಹೊರಿಸುವುದು ತಪ್ಪು. ಸಿಂಥಿಯಾ ವಾಂಗ್ ತಂಡ 2005ರಲ್ಲಿ ಷಿಕಾಗೋದಿಂದ ಪ್ರಕಟಿಸಿದ ಅಧ್ಯಯನದಲ್ಲಿ, ಚೊಚ್ಚಲ ಗರ್ಭಿಣಿಯರಿಗೆ ಆರಂಭದಲ್ಲೇ ಬೆನ್ನುಹುರಿಯ ದ್ರವಕ್ಕೆ ಫೆಂಟನಿಲ್ ಕೊಟ್ಟು, ಮುಂದೆ ಎಪಿಡ್ಯೂರಲ್‌ಗೆ ಸಾಗಲಾಯಿತು. ಅವರಲ್ಲಿ ಶೇ. 17.8 ಮಂದಿಗೆ ಸಿಸೇರಿಯನ್ ಆಯಿತು. ಮೊದಲು ಮಾಮೂಲು ಓಪಿಯಾಯ್ಡ್ ಚುಚ್ಚುಮದ್ದು ಪಡೆದವರಲ್ಲಿ ಶೇ. 20.7. ಗರ್ಭಕೊರಳು ತೆರೆಯಲು ಹಿಡಿದ ಹೊತ್ತೂ ಮೊದಲ ಗುಂಪಿಗೆ ಸುಮಾರು ಒಂದೂವರೆ ಗಂಟೆ ಕಡಿಮೆ.

ತುರಿಕೆ, ವಾಕರಿಕೆ, ಮೂತ್ರ ಕಟ್ಟುವುದು ಉಂಟು. ಉಸಿರಾಟ ಕುಗ್ಗುವುದು ಅಪರೂಪ, ಆದರೆ ಗಂಭೀರ. ತಾಯಿಯ ರಕ್ತದೊತ್ತಡ, ಮಗುವಿನ ಎದೆಬಡಿತಗಳ ಮೇಲೆ ಕಣ್ಣಿಡಲೇಬೇಕು. ರಕ್ತ ಹೆಪ್ಪುಗಟ್ಟುವ ತೊಂದರೆಯೋ ಬೆನ್ನಿನಲ್ಲಿ ಸೋಂಕೋ ಇದ್ದವರಿಗೆ ಇದು ಸಲ್ಲದು.

ನೋವು ಶಮನ ಬೇಕೆಂದು ಕೇಳುವ ಆರೋಗ್ಯವಂತ ಗರ್ಭಿಣಿಗೆ ಎಪಿಡ್ಯೂರಲ್ ಕೊಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಶಿಫಾರಸು ಮಾಡಿದೆ. ಇಷ್ಟು ಸೆಂ.ಮೀ. ಆಗಲಿ ಎಂದು ಅವಳನ್ನು ನರಳಿಸಲು ಕಾರಣವಿಲ್ಲ. ಹೆರಿಗೆಗೆ ಹೋಗುವ ಆಸ್ಪತ್ರೆಯಲ್ಲಿ ರಾತ್ರಿ ಹೊತ್ತಿನಲ್ಲೂ ಅರಿವಳಿಕೆ ವೈದ್ಯರು ಇರುತ್ತಾರೆಯೇ ಎಂದು ಮನೆಯವರು ಏಳನೆಯ ತಿಂಗಳಲ್ಲೇ ಕೇಳಿಟ್ಟುಕೊಳ್ಳಬೇಕು.