ಫೋಟೋದಲ್ಲಿ ಬೆಳ್ಳಗೆ ಬಂದ ಕಣ್ಣು

ಪ್ರೌಢಶಾಲೆಯಲ್ಲಿ ನನ್ನಿಂದ ವಿಜ್ಞಾನ ಪಾಠ ಕೇಳಿದವರಿಗೆ ಕಣ್ಣಿನ ಪಾಠ ನೆನಪಿರಬಹುದು. ಕಪ್ಪುಹಲಗೆಯ ಎಡಭಾಗದಲ್ಲಿ ಕ್ಯಾಮೆರಾ, ಬಲಭಾಗದಲ್ಲಿ ಕಣ್ಣು. ಅಲ್ಲಿ ಫಿಲ್ಮು, ಇಲ್ಲಿ ಅಕ್ಷಿಪಟಲ. ಸುಮಾರು ಮೂವತ್ತು ವರ್ಷ ಅದೇ ಚಿತ್ರವನ್ನು ಬರೆದೆ. ಹಾಗೆ ಬರೆದವನಿಗೆ 1993ರಲ್ಲಿ ಒಂದು ಫೋಟೋ ಎದುರಿಗೆ ಬಂದಾಗ ಏನೂ ಹೊಳೆಯಲಿಲ್ಲವೆಂಬ ಸಂಗತಿಯನ್ನು ಇದುವರೆಗೆ ಎಲ್ಲಿಯೂ ಬರೆದಿರಲಿಲ್ಲ.

ತಂಗಿಯ ಮಗಳು ತನ್ನ ಎಂಟು ತಿಂಗಳ ಕೂಸಿನ ಅನ್ನಪ್ರಾಶನದ ಆಲ್ಬಮ್ ತಂದಿದ್ದಳು. “ಮಾವ, ಇಲ್ಲಿ ನೋಡಿ. ಒಂದು ಕಣ್ಣು ಕೆಂಪಗಿದೆ, ಇನ್ನೊಂದು ಬೆಳ್ಳಗೆ ಬಂದಿದೆ” ಎಂದಳು. “ಅದು ಫ್ಲ್ಯಾಷ್ ಬಿದ್ದಿರೋದಮ್ಮ, ಸ್ಟುಡಿಯೋದವನಿಗೆ ಕ್ಯಾಮೆರಾ ಹಿಡಿಯೋಕೆ ಬರಲ್ಲ” ಎಂದು ನಾನು ನಕ್ಕುಬಿಟ್ಟೆ. ವಿಜ್ಞಾನದ ಮೇಷ್ಟ್ರು ಹೇಳಿದ ಮೇಲೆ ಆಕೆ ಸುಮ್ಮನಾದಳು. ಐದು ತಿಂಗಳಲ್ಲಿ ಅದೇ ಕಣ್ಣು ಮೆಳ್ಳೆಯಾಯಿತು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಮನೆಯ ಹಿರಿಯರು ಸಂತೋಷಪಟ್ಟರು. ಆಗ ತಾಯಿ ಯಾರನ್ನೂ ಕೇಳದೆ ಮಗುವನ್ನೆತ್ತಿಕೊಂಡು ಬೆಂಗಳೂರಿನ ಬಸ್ಸು ಹತ್ತಿದಳು.

ಆ ರೋಗದ ಹೆಸರು ರೆಟಿನೋಬ್ಲಾಸ್ಟೋಮ, ಅಕ್ಷಿಪಟಲದ ಕ್ಯಾನ್ಸರ್. ಹುಟ್ಟುವ ಹದಿನೈದರಿಂದ ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ, ಬಹುಪಾಲು ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ನಿವೃತ್ತಿಯ ನಂತರ ಬಿಡುವು ದೊರೆತಾಗ ಇದರ ಚರಿತ್ರೆಯನ್ನು ಹುಡುಕಿ ಓದಿದೆ. ಪ್ರಾಯಶ್ಚಿತ್ತವೆನ್ನಿ.

1597ರಲ್ಲಿ ಹಾಲೆಂಡಿನ ಲೈಡನ್ ನಗರದ ಅಂಗರಚನಾಶಾಸ್ತ್ರಜ್ಞ ಪೀಟರ್ ಪಾವ್, ಮೂರು ವರ್ಷದ ಮಗುವೊಂದರ ಎಡಗಣ್ಣಿನಿಂದ ಬೆಳೆದು ತಲೆಬುರುಡೆಯೊಳಗೂ ಹಬ್ಬಿದ್ದ ಗಡ್ಡೆಯನ್ನು ವಿವರಿಸಿದ. ಅದರೊಳಗೆ ಮಿದುಳಿನಂಥ ಪದಾರ್ಥ, ಮಂದವಾದ ರಕ್ತ, ಪುಡಿಗಲ್ಲಿನಂಥ ಕಣಗಳಿದ್ದುವಂತೆ. ಈ ‘ಪುಡಿಗಲ್ಲ’ನ್ನು ಓದುಗರು ನೆನಪಿಡಬೇಕು. ಎರಡು ಶತಮಾನಗಳ ನಂತರ, 1809ರಲ್ಲಿ, ಎಡಿನ್‌ಬರೋದ ಶಸ್ತ್ರವೈದ್ಯ ಜೇಮ್ಸ್ ವಾರ್ಡ್ರಾಪ್ ತನ್ನ ಗ್ರಂಥದಲ್ಲಿ ಇದೊಂದು ಪ್ರತ್ಯೇಕ ವ್ಯಾಧಿಯೆಂದೂ ಇದರ ಮೂಲ ಅಕ್ಷಿಪಟಲವೆಂದೂ ತೋರಿಸಿದ. ದೃಷ್ಟಿನರದ ಮೂಲಕ ಅದು ಮಿದುಳಿಗೆ ಸಾಗುವುದನ್ನು ಆತ ಕಂಡಿದ್ದ. ಆದುದರಿಂದ ರೋಗ ಕಣ್ಣೊಳಗೆ ಇರುವಾಗಲೇ ಕಣ್ಣನ್ನು ತೆಗೆದುಬಿಡಬೇಕೆಂದು ವಾದಿಸಿದ. ಅರಿವಳಿಕೆಯಿಲ್ಲದ ಕಾಲವದು, ಎಚ್ಚರವಾಗಿರುವ ಮಗುವಿನ ಕಣ್ಣು ಕೀಳುವುದೆಂದರೇನೆಂದು ಊಹಿಸಿಕೊಳ್ಳಿ! ಅಲ್ಲದೆ ಕಣ್ಣೊಳಗನ್ನು ನೋಡುವ ಉಪಕರಣವೂ ಆಗ ಇರಲಿಲ್ಲ.

ಎರಡೂ ಕೊರತೆಗಳು ಹತ್ತಿರಹತ್ತಿರದಲ್ಲೇ ನೀಗಿದುವು. 1847ರಲ್ಲಿ ಅದೇ ಎಡಿನ್‌ಬರೋದಲ್ಲಿ ಸಿಂಪ್ಸನ್ ಕ್ಲೋರೋಫಾರಂ ಬಳಸಿದ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅಕ್ಷಿದರ್ಶಕವನ್ನು ಪ್ರಕಟಪಡಿಸಿದ. ಸಾವಿರಾರು ವರ್ಷ ಕಪ್ಪು ಚುಕ್ಕೆಯಾಗಿ ಕಂಡ ಪಾಪೆಯೊಳಗೆ ವೈದ್ಯನು ಮೊದಲ ಬಾರಿಗೆ ಇಣುಕಿದ. ರೋಗಕ್ಕೆ ಇಂದಿನ ಹೆಸರು ಸೂಚಿತವಾದದ್ದು ಮಾತ್ರ 1920ರ ದಶಕದಲ್ಲಿ, ಅಮೆರಿಕದ ವರ್‌ಹಾಫ್‌ನಿಂದ.

ಇಂದಿಗೂ ಇದರ ಪತ್ತೆ ಮುಖ್ಯವಾಗಿ ನೋಡುವುದರಿಂದಲೇ ಆಗುತ್ತದೆ. ಬೇರೆ ಕ್ಯಾನ್ಸರುಗಳಲ್ಲಿ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸದೆ ಚಿಕಿತ್ಸೆ ಆರಂಭಿಸುವುದು ವಿರಳ. ಇಲ್ಲಿ ಸೂಜಿ ಚುಚ್ಚಿದರೆ ಅದೇ ರಂಧ್ರದಿಂದ ರೋಗಕಣಗಳು ಕಣ್ಣಿನಾಚೆಗೆ ಹರಡುವ ಭಯವಿದೆ. ಹೀಗಾಗಿ ಮಗುವನ್ನು ಅರಿವಳಿಕೆಯಲ್ಲಿ ಮಲಗಿಸಿ, ಪಾಪೆಯನ್ನು ಹನಿಮದ್ದಿನಿಂದ ಹಿಗ್ಗಿಸಿ, ಎರಡೂ ಕಣ್ಣುಗಳ ಅಂಚಂಚನ್ನೂ ಪರೀಕ್ಷಿಸುತ್ತಾರೆ. ಅಲ್ಟ್ರಾಸೌಂಡಿನಲ್ಲಿ ಗಡ್ಡೆಯೊಳಗಿನ ಸುಣ್ಣದ ಕಣಗಳು ಮಿನುಗುತ್ತವೆ. ಪಾವ್ ಕಂಡ ಪುಡಿಗಲ್ಲು ಅದೇ. ದೃಷ್ಟಿನರಕ್ಕೂ ಮಿದುಳಿಗೂ ಹಬ್ಬಿದೆಯೇ ಎಂದು ತಿಳಿಯಲು ಎಂ.ಆರ್.ಐ. ಮಾಡುತ್ತಾರೆ. ವಂಶವಾಹಿಯ ದೋಷವಿರುವ ಮಕ್ಕಳಿಗೆ ವಿಕಿರಣದಿಂದ ಮುಂದೆ ಬೇರೆ ಕ್ಯಾನ್ಸರ್ ತಗಲುವ ಸಂಭವ ಹೆಚ್ಚಾದ್ದರಿಂದ ಸಿ.ಟಿ. ಸ್ಕ್ಯಾನನ್ನು ಆದಷ್ಟೂ ದೂರವಿಡುತ್ತಾರೆ.

ಆದರೆ ಇವೆಲ್ಲಕ್ಕೂ ಮೊದಲು ಮನೆಯಲ್ಲಿ ಯಾರಾದರೊಬ್ಬರು ನೋಡಿರಬೇಕು. ಫ್ಲ್ಯಾಷಿನ ಬೆಳಕು ಅಕ್ಷಿಪಟಲದ ಹಿಂದಿನ ರಕ್ತನಾಳಗಳ ಪದರದಿಂದ ಮರಳುವಾಗ ಪಾಪೆ ಕೆಂಪಗೆ ಕಾಣುತ್ತದೆ. ನಡುವೆ ಬಿಳಿ ಗಡ್ಡೆಯಿದ್ದರೆ ಬೆಳಕು ಅಲ್ಲಿಂದಲೇ ಬೆಳ್ಳಗೆ ಮರಳುತ್ತದೆ. ಕ್ಯಾಮೆರಾ ಮತ್ತು ಕಣ್ಣಿನ ನನ್ನ ಪಾಠಕ್ಕೆ ಇದನ್ನು ಒಂದೇ ವಾಕ್ಯದಲ್ಲಿ ಸೇರಿಸಬಹುದಿತ್ತು. ಬಿಳುಪೆಲ್ಲ ಕ್ಯಾನ್ಸರಲ್ಲ, ಗಾಬರಿಯಾಗಬೇಡಿ. ಹುಟ್ಟಿನಿಂದ ಬಂದ ಪೊರೆಯಿಂದಲೂ, ಫ್ಲ್ಯಾಷ್ ಓರೆಯಾಗಿ ದೃಷ್ಟಿನರದ ತುದಿಯ ಮೇಲೆ ಬಿದ್ದಾಗಲೂ ಹಾಗೆ ಕಾಣುವುದುಂಟು. ಯಾವುದೆಂದು ನಿರ್ಣಯಿಸಬೇಕಾದವರು ಕಣ್ಣಿನ ವೈದ್ಯರು, ನನ್ನಂಥ ಸೋದರಮಾವಂದಿರಲ್ಲ.

2017ರಲ್ಲಿ ಈ ರೋಗ ಪತ್ತೆಯಾದ 153 ದೇಶಗಳ 4,351 ಮಕ್ಕಳ ವಿವರಗಳನ್ನು ಸಂಗ್ರಹಿಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ನೂರರಲ್ಲಿ ಸುಮಾರು ಅರುವತ್ತಮೂರು ಮಕ್ಕಳಲ್ಲಿ ಮೊದಲ ಲಕ್ಷಣ ಬಿಳಿಪಾಪೆ. ಸುಮಾರು ಹತ್ತು ಮಕ್ಕಳಲ್ಲಿ ಮೆಳ್ಳೆಗಣ್ಣು. ಶ್ರೀಮಂತ ದೇಶಗಳಲ್ಲಿ ರೋಗ ಪತ್ತೆಯಾಗುವ ವಯಸ್ಸು ಸುಮಾರು ಹದಿನಾಲ್ಕು ತಿಂಗಳು, ಬಡದೇಶಗಳಲ್ಲಿ ಮೂವತ್ತು. ನಡುವಿನ ಹದಿನಾರು ತಿಂಗಳಲ್ಲಿ ರೋಗ ಕಣ್ಣಿನಿಂದ ಹೊರಬೀಳುತ್ತದೆ. ನಾನು ಕಳೆದದ್ದು ಐದು ತಿಂಗಳು.

ಟೆಕ್ಸಾಸಿನ ರಸಾಯನಶಾಸ್ತ್ರಜ್ಞ ಬ್ರಯನ್ ಶಾ ಅವರ ಮಗನಿಗೆ 2008ರಲ್ಲಿ ಇದೇ ರೋಗ ಪತ್ತೆಯಾಯಿತು. ಅವರು ಮನೆಯ ಸಾವಿರಾರು ಫೋಟೋಗಳನ್ನು ಹಿಂದಕ್ಕೆ ಶೋಧಿಸುತ್ತ ಹೋದಾಗ, ಮಗು ಹನ್ನೆರಡು ದಿನದ್ದಾಗಿದ್ದಾಗಲೇ ಬಿಳುಪು ಕಂಡಿತು. ಆಮೇಲೆ ಅವರು ಫೋಟೋಗಳಲ್ಲಿ ಅದನ್ನು ಹುಡುಕುವ ಮೊಬೈಲ್ ತಂತ್ರಾಂಶವನ್ನೇ ಸಿದ್ಧಪಡಿಸಿದರು. ಆ ತಂದೆಯ ಕೆಲಸವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ.

ನಮ್ಮ ಮಗುವಿನ ಒಂದು ಕಣ್ಣನ್ನು ತೆಗೆದರು, ಜೀವ ಉಳಿಯಿತು. ಕೃತಕ ಕಣ್ಣು ಧರಿಸಿಯೇ ಓದಿ, ಉದ್ಯೋಗ ಹಿಡಿದು, ಮದುವೆಯಾದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಚರಿತ್ರೆಯ ಇನ್ನೊಂದು ಎಳೆಯೂ ಇಲ್ಲಿಗೆ ಸೇರುತ್ತದೆ. ಬ್ರೆಜಿಲಿನ ವೈದ್ಯ ಇಲಾರಿಯೊ ದ ಗೋವೆಯಾ 1872ರಲ್ಲಿ ಒಬ್ಬ ಹುಡುಗನ ಕಣ್ಣು ತೆಗೆದು ಬದುಕಿಸಿದರು. ಅವನು ಬೆಳೆದು ಮದುವೆಯಾದ ಮೇಲೆ ಹುಟ್ಟಿದ ಇಬ್ಬರು ಹೆಣ್ಣುಮಕ್ಕಳಿಗೂ ಅದೇ ರೋಗ ಬಂತು. ಅದು ವಂಶದಲ್ಲಿ ಇಳಿದುಬರಬಲ್ಲುದೆಂದು ತಿಳಿದದ್ದು ಹಾಗೆ. 1971ರಲ್ಲಿ ಆಲ್‌ಫ್ರೆಡ್ ನಡ್ಸನ್ 48 ಮಕ್ಕಳ ದಾಖಲೆಗಳನ್ನು ಲೆಕ್ಕಹಾಕಿ, ಜೀವಕೋಶಕ್ಕೆ ಎರಡು ಪೆಟ್ಟು ಬಿದ್ದಾಗ ಈ ಗಡ್ಡೆ ಹುಟ್ಟುತ್ತದೆಂದೂ, ಕೆಲವರು ಮೊದಲ ಪೆಟ್ಟನ್ನು ಹೊತ್ತೇ ಹುಟ್ಟುತ್ತಾರೆಂದೂ ವಿವರಿಸಿದರು. 1986ರಲ್ಲಿ ಆ ವಂಶವಾಹಿಯೇ ಕೈಗೆ ಸಿಕ್ಕಿತು. ಒಂದೇ ಕಣ್ಣಿಗೆ ರೋಗ ಬಂದವರಲ್ಲಿಯೂ ಕೆಲವರು ಅದನ್ನು ಮಕ್ಕಳಿಗೆ ದಾಟಿಸಬಲ್ಲರು.

ಕಳೆದ ತಿಂಗಳು ಅವಳಿಗೆ ಗಂಡುಮಗು ಹುಟ್ಟಿತು. ಮೊದಲ ವಾರದಲ್ಲೇ ವೈದ್ಯರು ಎರಡೂ ಕಣ್ಣುಗಳನ್ನು ಪರೀಕ್ಷಿಸಿದರು. ಸದ್ಯಕ್ಕೆ ಏನೂ ಇಲ್ಲ, ಮುಂದಿನ ತಿಂಗಳು ಮತ್ತೆ ನೋಡಬೇಕು. ಅಜ್ಜಿಯಾದ ನನ್ನ ಸೋದರಸೊಸೆ ಕೂಸಿನ ಫೋಟೋ ಕಳಿಸಿ ಫೋನು ಮಾಡಿದಳು. “ಮಾವ, ಕನ್ನಡಕ ಹಾಕಿಕೊಂಡು ನೋಡಿ” ಎಂದಳು. ಹಾಕಿಕೊಂಡೇ ನೋಡಿದೆ. ಕೂಸು ಕಣ್ಣು ಮುಚ್ಚಿ ಮಲಗಿತ್ತು.