ಹಾಸನದ ಹೃದಯಾಘಾತ: ತಾಲ್ಲೂಕು ಆಸ್ಪತ್ರೆಯಲ್ಲಿ ಇರಬೇಕಾದದ್ದೇನು?

2025ರ ಜುಲೈ ಮೊದಲ ವಾರ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನಸಾಗರ. ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವುಗಳು ಒಂದರ ಹಿಂದೊಂದು ಸುದ್ದಿಯಾಗಿದ್ದವು. ಎದೆನೋವು ಇದ್ದವರೂ ಇಲ್ಲದವರೂ 'ಒಂದ್ಸಲ ತೋರಿಸಿಕೊಂಡು ಬಂದುಬಿಡೋಣ' ಅಂತ ಹೊರಟಿದ್ದರು.

ಸಮಿತಿ ಹೇಳಿದ್ದೇನು?

ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ 24 ಸಾವುಗಳನ್ನು ಪರಿಶೀಲಿಸಿತು. ಅವುಗಳಲ್ಲಿ 4ಕ್ಕೆ ಬೇರೆ ಕಾರಣಗಳಿದ್ದವು. ಉಳಿದ 20 ಹೃದಯಕ್ಕೆ ಸಂಬಂಧಿಸಿದ ಖಚಿತ ಅಥವಾ ಸಂಭವನೀಯ ಪ್ರಕರಣಗಳು. ಹಿಂದಿನದಕ್ಕೆ ಹೋಲಿಸಿದರೆ ಅಸಹಜ ಏರಿಕೆ ಇಲ್ಲ ಎಂದಿತು ಸಮಿತಿ.

ಇದನ್ನು ಕೇಳಿ ಹಲವರು ನಿಟ್ಟುಸಿರು ಬಿಟ್ಟರು. ಆದರೆ ಇದರ ಇನ್ನೊಂದು ಅರ್ಥ: ಈ ಸಾವುಗಳು ಪ್ರತಿವರ್ಷದ ಮಾಮೂಲು. ಹಾಗಾದರೆ ವ್ಯವಸ್ಥೆಯೂ ವರ್ಷಪೂರ್ತಿ ಸಜ್ಜಾಗಿರಬೇಕಲ್ಲವೇ?

ದೂರವೇ ಸಮಸ್ಯೆ

ಹೃದಯದ ರಕ್ತನಾಳ ಪೂರ್ತಿ ಮುಚ್ಚಿಕೊಂಡರೆ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತದೆ. ರೋಗಿ ಬಂದ 10 ನಿಮಿಷದಲ್ಲಿ ಇಸಿಜಿ ಆಗಬೇಕು. 120 ನಿಮಿಷದೊಳಗೆ ಆಂಜಿಯೋಪ್ಲಾಸ್ಟಿ ಸಾಧ್ಯವಿಲ್ಲದಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು, ಆಮೇಲೆ ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದು ಇದನ್ನೇ.

ಈಗ ನಕ್ಷೆ ನೋಡಿ. ಹಾಸನಕ್ಕೆ ಅರಕಲಗೂಡಿನಿಂದ ಸುಮಾರು 30 ಕಿ.ಮೀ., ಹೊಳೆನರಸೀಪುರದಿಂದಲೂ ಹೆಚ್ಚುಕಡಿಮೆ ಅಷ್ಟೇ, ಚನ್ನರಾಯಪಟ್ಟಣದಿಂದ ಸುಮಾರು 40. ಹಾಸನದಿಂದ ಮೈಸೂರಿಗೆ ಮತ್ತೆ ಸುಮಾರು 120. ಇದೆಲ್ಲ ಪೇಟೆಯಿಂದ ಪೇಟೆಗೆ. ಕೊಣನೂರು, ಹಳ್ಳಿಮೈಸೂರು, ಹಿರೀಸಾವೆ ಸುತ್ತಲಿನ ಹಳ್ಳಿಯವರು ಮೊದಲು ಮುಖ್ಯರಸ್ತೆ ಮುಟ್ಟಬೇಕು.

ಹೃದಯಜ್ಯೋತಿ ಯೋಜನೆ

2021ರಲ್ಲಿ 46ನೇ ವಯಸ್ಸಿಗೆ ಅಗಲಿದ ಪುನೀತ್ ರಾಜ್‌ಕುಮಾರ್ ಹೆಸರಿನ ಈ ಯೋಜನೆ ಹುಟ್ಟಿದ್ದು ಈ ದೂರದ ಸಮಸ್ಯೆಗಾಗಿಯೇ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಆನ್‌ಲೈನ್‌ನಲ್ಲೇ ಪರಿಶೀಲಿಸಿ, ಕೆಲವೇ ನಿಮಿಷಗಳಲ್ಲಿ ಸಲಹೆ ಕೊಡಲಾಗುತ್ತದೆ. ಅಗತ್ಯವಿದ್ದರೆ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತ. ಹೊರಗೆ ಕೊಂಡರೆ ಹತ್ತಾರು ಸಾವಿರ ರೂಪಾಯಿ.

ಆದರೆ ಈ ಔಷಧಿ ಎಲ್ಲರಿಗೂ ಅಲ್ಲ. ಇತ್ತೀಚೆಗೆ ಪಾರ್ಶ್ವವಾಯು ಆದವರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಆದವರಿಗೆ ರಕ್ತಸ್ರಾವದ ಅಪಾಯವಿದೆ. ಹಾಗಾಗಿ ಫ್ರಿಜ್‌ನಲ್ಲಿ ಇಂಜೆಕ್ಷನ್ ಇದ್ದರೆ ಸಾಲದು, ನಿರ್ಧರಿಸಬಲ್ಲ ವೈದ್ಯರು ಡ್ಯೂಟಿಯಲ್ಲಿರಬೇಕು.

ನಿಮ್ಮ ಶಾಸಕರಿಗೆ ಕೇಳಿ

- ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ 2 ಗಂಟೆಗೂ ಇಸಿಜಿ ತೆಗೆಯುತ್ತಾರಾ?
- ಇವತ್ತು ಇಂಜೆಕ್ಷನ್ ಸ್ಟಾಕ್ ಎಷ್ಟಿದೆ? ಕಳೆದ ತಿಂಗಳು ಎಷ್ಟು ಜನರಿಗೆ ಕೊಟ್ಟರು?
- ಮಂಜೂರಾದ ವೈದ್ಯ, ನರ್ಸ್ ಹುದ್ದೆಗಳಲ್ಲಿ ಖಾಲಿ ಎಷ್ಟು?
- 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರಲು ಎಷ್ಟು ನಿಮಿಷ ಹಿಡಿಯುತ್ತೆ?

ಬಾಯಿಮಾತಿನ ಉತ್ತರ ಬೇಡ ಅನಿಸಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರಿಸಬೇಕು. ಹೊಸ ಕಟ್ಟಡಕ್ಕೆ ಗುದ್ದಲಿಪೂಜೆ ಮಾಡೋದು ಸುಲಭ. ಅದರೊಳಗೆ ರಾತ್ರಿ ಎದ್ದು ಕೂತಿರುವ ಸಿಬ್ಬಂದಿ ಇದ್ದಾರಾ ಅನ್ನೋದನ್ನು ನಾವೇ ಕೇಳಬೇಕು.